ಸ್ಟೇಷನ್ ಪಕ್ಕದ ಸೊಸೈಟಿ

ಮುಂಬಯಿಯ ಸಣ್ಣ ಸೊಸೈಟಿ ಕಟ್ಟಡವನ್ನು ಗುರುತಿಸುವುದು ಸುಲಭ. ನೆಲಮಹಡಿಯ ಮೇಲೆ ಮೂರು ಅಂತಸ್ತು, ನಡುವೆ ಒಂದೇ ಮೆಟ್ಟಿಲುಸಾಲು, ಮಹಡಿಗೆ ನಾಲ್ಕರಂತೆ ಹದಿನಾರು ಮನೆ. ಲಿಫ್ಟ್ ಇಲ್ಲ. ಕೆಳಗೆ ಮೀಟರುಗಳ ಗೂಡು, ಟಪಾಲು ಡಬ್ಬಿಗಳ ಸಾಲು, ಗಾಜಿನ ಬಾಗಿಲಿನ ನೋಟಿಸ್ ಬೋರ್ಡು. ಗೇಟಿನ ಪಕ್ಕದ ಗೋಡೆಯಲ್ಲಿ ಕಟ್ಟಡದ ಹೆಸರು, ಅದರ ಕೆಳಗೆ ‘ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಲಿಮಿಟೆಡ್’ ಎಂಬ ಸಾಲು, ಮತ್ತೆ ನೋಂದಣಿ ಸಂಖ್ಯೆ, ವರ್ಷ. ಲೋಕಲ್ ರೈಲಿನ ಸ್ಟೇಷನ್ನಿಂದ ಹೊರಬಿದ್ದು ತರಕಾರಿಯವರನ್ನೂ ರಿಕ್ಷಾ ಸಾಲನ್ನೂ ದಾಟಿ ಎರಡು ತಿರುವು ತಿರುಗಿದರೆ ಇಂಥ ಕಟ್ಟಡಗಳ ಗಲ್ಲಿ ಸಿಗುತ್ತದೆ. ಮುಲುಂಡ್, ಘಾಟ್ಕೋಪರ್, ವಿಲೇ ಪಾರ್ಲೆ, ಗೋರೆಗಾಂವ್, ಡೊಂಬಿವ್ಲಿ, ಊರು ಯಾವುದಾದರೂ ನಕ್ಷೆ ಹೆಚ್ಚು ಬದಲಾಗುವುದಿಲ್ಲ. ವಿಳಾಸದಲ್ಲಿ ಈಸ್ಟ್ ಅಥವಾ ವೆಸ್ಟ್ ಎಂದು ಬರೆಯದಿದ್ದರೆ ಕಾಗದ ತಲುಪುವುದು ಕಷ್ಟ. ಊರನ್ನು ಎರಡು ಮಾಡಿರುವುದು ರೈಲು ಹಳಿ. ಜನ ತಮ್ಮ ಮನೆಯನ್ನು ಹೇಳಿಕೊಳ್ಳುವುದು ಅದರ ಯಾವ ಮಗ್ಗುಲಲ್ಲಿದ್ದೇವೆ ಎಂಬುದರಿಂದ.

ಈ ಬಗೆಯ ವಾಸಕ್ಕೆ ಎರಡು ಬೇರುಗಳಿವೆ: ರೈಲು ಮತ್ತು ಸಹಕಾರ. ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು.

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟಿತು. ದಾರಿ ಸುಮಾರು 34 ಕಿಲೋಮೀಟರ್. ಆ ದಾರಿಯ ಸುತ್ತ ಅಂದು ಇದ್ದದ್ದು ಉಪ್ಪಿನ ಗದ್ದೆ, ತೆಂಗಿನ ತೋಟ, ಹಳ್ಳಿ. 1896ರ ಪ್ಲೇಗು ಊರನ್ನು ಹಿಂಡಿದ ಮೇಲೆ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್, ಕಿಕ್ಕಿರಿದ ದಕ್ಷಿಣ ಭಾಗದಿಂದ ಜನರನ್ನು ಉತ್ತರಕ್ಕೆ ಹರಡಲು ದಾದರ್, ಮಾಟುಂಗಾ, ವಡಾಲ, ಸಯನ್ ಕಡೆ ಅಗಲವಾದ ರಸ್ತೆಗಳ ಬಡಾವಣೆಗಳನ್ನು ರೂಪಿಸಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ವಿದ್ಯುತ್ ರೈಲು ಓಡಿತು. ಹೊಗೆಯಿಲ್ಲದ, ಬೇಗ ನಿಂತು ಬೇಗ ಹೊರಡುವ ಗಾಡಿ ಬಂದ ಮೇಲೆ ಕಚೇರಿ ಕೋಟೆ ಪ್ರದೇಶದಲ್ಲಿ, ಮನೆ ಹತ್ತು ಮೈಲಿ ಆಚೆ ಎಂಬ ಬಾಳು ಗುಮಾಸ್ತರಿಗೂ ಸಾಧ್ಯವಾಯಿತು.

ಸಹಕಾರದ ಕಥೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಕನ್ನಡಿಗರು ಇದನ್ನು ಇನ್ನಷ್ಟು ನೆನೆಯಬೇಕು. ವಸತಿಗೆಂದು ಕಟ್ಟಿದ ದೇಶದ ಮೊದಲ ಸಹಕಾರ ಸಂಘವೆಂದು ಸಾಮಾನ್ಯವಾಗಿ ಹೆಸರಿಸುವುದು 1909ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯನ್ನು. ಮುಂಬಯಿಯಲ್ಲಿ ಆ ಹೆಜ್ಜೆ ಇಟ್ಟವರು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದಿಂದ ವಲಸೆ ಹೋದ ಚಿತ್ರಾಪುರ ಸಾರಸ್ವತರು. ಶ್ರೀಪಾದ ಸುಬ್ರಾವ್ ತಾಲ್ಮಕಿಯವರು 1906ರಲ್ಲಿ ತಮ್ಮ ಹಿರಿಯ ಮಾರ್ಗದರ್ಶಕ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಸಾಲಸಂಘವೊಂದನ್ನು ಕಟ್ಟಿದರು. ಅದೇ ಇಂದಿನ ಎಸ್‌ವಿಸಿ (ಶಾಮರಾವ್ ವಿಠಲ) ಬ್ಯಾಂಕ್. 1904ರ ಕಾನೂನು ಸಾಲಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. 1912ರ ಕಾನೂನು ಉಳಿದ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದ 1915ರಲ್ಲಿ ಒಳಬಂದದ್ದು ಗಾಮ್‌ದೇವಿಯ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ. ಅದು ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ. ಸಂಬಳದ ಮೇಲೆ ಬದುಕುವ, ಊರಲ್ಲಿ ಮನೆಯಿದ್ದರೂ ನಗರದಲ್ಲಿ ಸೂರಿಲ್ಲದ ಕುಟುಂಬಗಳು ಒಟ್ಟಾಗಿ ಜಾಗ ಹಿಡಿದು, ಒಟ್ಟಾಗಿ ಸಾಲ ಹೊತ್ತು, ಒಟ್ಟಾಗಿ ಒಡೆಯರಾದರು. ತಾರದೇವಿನ ತಾಲ್ಮಕಿವಾಡಿ ಇವತ್ತಿಗೂ ತಾಲ್ಮಕಿಯವರ ಹೆಸರು ಹೊತ್ತಿದೆ.

ಎರಡು ನಾಡುಗಳಲ್ಲಿ ಈ ಬೀಜ ಬೆಳೆದ ರೀತಿ ಬೇರೆಯಾಯಿತು. ಕರ್ನಾಟಕದಲ್ಲಿ ಗೃಹನಿರ್ಮಾಣ ಸಹಕಾರ ಸಂಘವೆಂದರೆ ಬಹುಮಟ್ಟಿಗೆ ಜಮೀನು ಕೊಂಡು, ಬಡಾವಣೆ ಮಾಡಿ, ಸದಸ್ಯರಿಗೆ ನಿವೇಶನ ಹಂಚುವ ಸಂಸ್ಥೆ. ನಿವೇಶನ ಕೈಗೆ ಬಂದ ಮೇಲೆ ಸದಸ್ಯನಿಗೆ ಸಂಘದ ಹಂಗು ಕಡಿಮೆ. ಜಾಗ ಕಡಿಮೆಯಿರುವ ಮುಂಬಯಿಯಲ್ಲಿ ನಿವೇಶನ ಹಂಚಲಾಗಲಿಲ್ಲ, ಕಟ್ಟಡವನ್ನೇ ಹಂಚಿಕೊಳ್ಳಬೇಕಾಯಿತು. ಹಾಗಾಗಿ ಅಲ್ಲಿ ಸಂಘ ಮನೆ ಕಟ್ಟಿಸಿ ಮರೆಯಾಗುವುದಿಲ್ಲ. ಸದಸ್ಯ ಬದುಕಿರುವಷ್ಟು ಕಾಲ ಅವನ ಮೆಟ್ಟಿಲ ಮೇಲೆಯೇ ಇರುತ್ತದೆ.

ಸ್ವಾತಂತ್ರ್ಯದ ನಂತರ ಈ ರೂಪ ನಗರದ ತುಂಬ ಹರಡಲು ಬಾಡಿಗೆ ಕಾನೂನೂ ಕಾರಣ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆಗಳನ್ನು ಕಟ್ಟಿಹಾಕಿತು. ಬಾಡಿಗೆದಾರನಿಗೆ ಅದು ಆಸರೆಯಾಯಿತು. ಆದರೆ ಬಾಡಿಗೆಗೆಂದು ಹೊಸ ಕಟ್ಟಡ ಎಬ್ಬಿಸುವವರು ಹಿಂದೆಗೆದರು. ದಾದರ್, ಮಾಟುಂಗಾದ ಅನೇಕ ಹಳೆಯ ಕಟ್ಟಡಗಳು ಇಂದಿಗೂ ಸೊಸೈಟಿಗಳಲ್ಲ, ಪಗಡಿ, ಅಂದರೆ ಮುಂಗಡವಾಗಿ ದೊಡ್ಡ ಮೊತ್ತ, ಕೊಟ್ಟು ಹಿಡಿದ ಬಾಡಿಗೆ ಮನೆಗಳು. ಹೊಸದಾಗಿ ಬಂದವನಿಗೆ ಉಳಿದದ್ದು ಮಾಲಿಕತ್ವದ ಫ್ಲ್ಯಾಟ್ ಒಂದೇ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯೂ, ಬಿಲ್ಡರುಗಳ ಮೇಲೆ ಕಟ್ಟುಪಾಡು ಹೇರಿದ 1963ರ ಮಾಲಿಕತ್ವದ ಫ್ಲ್ಯಾಟುಗಳ ಕಾಯ್ದೆಯೂ ಅದಕ್ಕೆ ಚೌಕಟ್ಟು ಕಟ್ಟಿಕೊಟ್ಟವು. ಅಲ್ಲಿಂದ ಮುಂದಿನ ಎರಡು ಮೂರು ದಶಕಗಳಲ್ಲಿ ಹಳಿಯ ಎರಡೂ ಬದಿಯಲ್ಲಿ ಎದ್ದವು ಈ ಮೂರಂತಸ್ತಿನ ಕಟ್ಟಡಗಳು.

ಸೊಸೈಟಿಯಲ್ಲಿ ‘ಮನೆ ನನ್ನದು’ ಎಂಬ ಮಾತಿಗೆ ಕಾನೂನಿನಲ್ಲಿ ವಿಶಿಷ್ಟವಾದ ಅರ್ಥವಿದೆ. ಜಮೀನೂ ಕಟ್ಟಡವೂ ಸೊಸೈಟಿಯ ಹೆಸರಿನಲ್ಲಿರಬೇಕು. ಸದಸ್ಯನ ಕೈಯಲ್ಲಿರುವುದು ಶೇರ್ ಸರ್ಟಿಫಿಕೇಟ್. ತಲಾ 50 ರೂಪಾಯಿಯ ಹತ್ತು ಶೇರು, ಒಟ್ಟು 500 ರೂಪಾಯಿ. ಹಳೆಯ ಸೊಸೈಟಿಗಳಲ್ಲಿ ಐದೇ ಶೇರು, 250 ರೂಪಾಯಿ. ಆ ಕಾಗದದ ಬಲದಿಂದ ಒಂದು ಕೋಟಿ ಬಾಳುವ ಫ್ಲ್ಯಾಟಿನಲ್ಲಿ ವಾಸಿಸುವ ಹಕ್ಕು ಬರುತ್ತದೆ. ಅದನ್ನು ಕಬ್ಬಿಣದ ಕಪಾಟಿನ ಒಳಗೂಡಿನಲ್ಲಿ, ತಾಳಿಯ ಸರದ ಪಕ್ಕದಲ್ಲಿ ಇಟ್ಟುಕೊಳ್ಳುವ ಮನೆಗಳಿವೆ, ಇಟ್ಟುಕೊಳ್ಳಬೇಕಾದ್ದೇ. ಈ ಹಕ್ಕು ಬರೀ ಬಾಡಿಗೆದಾರನ ಅನುಮತಿಯಲ್ಲ, ಮಾರಬಹುದಾದ, ಜಪ್ತಿ ಮಾಡಬಹುದಾದ ಆಸ್ತಿ ಎಂದು ಸುಪ್ರೀಂ ಕೋರ್ಟು 1975ರ ರಮೇಶ್ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ ಸದಸ್ಯತ್ವ ಮುಂದು, ಗೋಡೆ ಹಿಂದು. ಫ್ಲ್ಯಾಟು ಕೊಂಡವನು ನೋಂದಣಿ ಕಚೇರಿಯಿಂದ ಬಂದ ಮೇಲೆ ಸೊಸೈಟಿಗೆ ಅರ್ಜಿ ಹಾಕಬೇಕು, ಸಮಿತಿ ಅವನನ್ನು ಸೇರಿಸಿಕೊಳ್ಳಬೇಕು, ಶೇರ್ ಸರ್ಟಿಫಿಕೇಟಿನ ಬೆನ್ನಿನ ಮೇಲೆ ಅವನ ಹೆಸರು ಏರಬೇಕು. ವರ್ಗಾವಣೆಗೆಂದು ಸೊಸೈಟಿ ಕೇಳಬಹುದಾದ ಪ್ರೀಮಿಯಮ್ಮಿಗೆ ನಗರ ಪ್ರದೇಶದಲ್ಲಿ 25,000 ರೂಪಾಯಿಯ ಮಿತಿಯಿದೆ. ಅದಕ್ಕಿಂತ ಹೆಚ್ಚು ಕೊಟ್ಟು ಬಾಯಿ ಮುಚ್ಚಿಕೊಂಡವರು ಬಹಳ.

ದೊಡ್ಡ ಟವರಿನಲ್ಲಿ ಮ್ಯಾನೇಜರ್, ಸೆಕ್ಯುರಿಟಿ ಏಜೆನ್ಸಿ, ಲೆಕ್ಕದ ಗುಮಾಸ್ತ ಇರುತ್ತಾರೆ. ಹದಿನಾರು ಮನೆಯ ಸೊಸೈಟಿಗೆ ಅದಾವುದೂ ಇಲ್ಲ. ಅಲ್ಲಿ ಸೆಕ್ರೆಟರಿ ಎಂದರೆ ಸಂಜೆ ಲೋಕಲಿನಲ್ಲಿ ನಿಂತೇ ಬಂದು, ಊಟ ಮುಗಿಸಿ, ಅದೇ ಮೇಜಿನ ಮೇಲೆ ರಸೀದಿ ಪುಸ್ತಕ ಬಿಚ್ಚುವ ಬ್ಯಾಂಕ್ ನೌಕರ. ಟ್ರೆಜರರ್ ಎರಡನೇ ಮಹಡಿಯ ಶಿಕ್ಷಕಿ. ಚೇರ್ಮನ್ ನಿವೃತ್ತ ರೈಲ್ವೆ ಅಧಿಕಾರಿಯೋ ಎಲ್‌ಐಸಿಯವರೋ ಆಗಿರುತ್ತಾರೆ. ಯಾರಿಗೂ ಸಂಬಳವಿಲ್ಲ. ಸಹಕಾರ ಇಲಾಖೆಯ ಮಾದರಿ ಉಪನಿಯಮಗಳು ನೂರು ಸದಸ್ಯರವರೆಗಿನ ಸೊಸೈಟಿಗೆ ಹನ್ನೊಂದು ಜನರ ಸಮಿತಿ ಹೇಳುತ್ತವೆ. ಹೆಂಗಸರಿಗೆ, ಹಿಂದುಳಿದ ವರ್ಗಗಳಿಗೆ ಮೀಸಲು ಸ್ಥಾನ ಅದರೊಳಗೇ. ಹದಿನಾರು ಮನೆಯಲ್ಲಿ ಹನ್ನೊಂದು ಜನ ಸಮಿತಿಯಾದರೆ ಆಳುವವರು ಯಾರು, ಆಳಿಸಿಕೊಳ್ಳುವವರು ಯಾರು ಎಂಬ ಭೇದವೇ ಉಳಿಯುವುದಿಲ್ಲ. ಎಷ್ಟೋ ಕಡೆ ಅಷ್ಟು ಜನ ಒಪ್ಪುವುದೂ ಇಲ್ಲ, ಸ್ಥಾನಗಳು ಖಾಲಿ ಬೀಳುತ್ತವೆ, ವರ್ಷಾನುಗಟ್ಟಲೆ ಒಬ್ಬರೇ ಹೊರೆ ಹೊರುತ್ತಾರೆ. ಆ ಒಬ್ಬರು ತೀರಿಕೊಂಡಾಗಲೋ ಮಗನ ಮನೆಗೆ ಹೊರಟಾಗಲೋ ಕಡತಗಳು ಎಲ್ಲಿವೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸಣ್ಣ ಸೊಸೈಟಿಯ ದೊಡ್ಡ ಅಪಾಯ ಇದೇ.

ಮಹಾಸಭೆಯ ನಿಯಮವೂ ಸಣ್ಣ ಕಟ್ಟಡದ ಮೇಲೆ ಹೆಚ್ಚು ಭಾರ ಹಾಕುತ್ತದೆ. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಕೋರಂ ಎಂದರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅದು. ಮುನ್ನೂರು ಮನೆಯ ಟವರಿಗೆ ಇಪ್ಪತ್ತು ಜನ ಬಂದರೆ ಸಾಕು; ಹದಿನಾರು ಮನೆಯ ಕಟ್ಟಡಕ್ಕೆ ಹನ್ನೊಂದು ಜನ ಬರಲೇಬೇಕು. ಅರ್ಧ ಗಂಟೆ ಕಾದು, ಮುಂದೂಡಿದ ಸಭೆಯೆಂದು ನಡೆಸುವ ದಾರಿ ಇದೆ ನಿಜ. ಆದರೆ ಬಾರದವರ ಬಾಗಿಲು ತಟ್ಟಿ ಕರೆದುಕೊಂಡು ಬರುವುದು ಸಣ್ಣ ಕಟ್ಟಡದಲ್ಲಿ ಸಾಧ್ಯ, ಅದೇ ಸರಿಯೂ ಹೌದು. ಸಭೆಯ ಹೊತ್ತನ್ನು ಗೊತ್ತು ಮಾಡುವುದು ರೈಲಿನ ವೇಳಾಪಟ್ಟಿ. ವಾರದ ದಿನವಾದರೆ ರಾತ್ರಿ ಒಂಬತ್ತರ ಮೇಲೆ, ಇಲ್ಲವೆ ಭಾನುವಾರ; ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೆ ಎಲ್ಲೂ ಹೋಗಲಾಗದೆ ಮನೆಯಲ್ಲಿರುವವರು ಹೆಚ್ಚು, ಸಭೆಯೂ ತುಂಬುತ್ತದೆ. ಜಾಗ ಟೆರೇಸು, ಮಳೆಗಾಲದಲ್ಲಿ ಯಾರದಾದರೂ ಮನೆಯ ಹಾಲ್.

ದಿನಚರಿಯನ್ನು ಗೊತ್ತು ಮಾಡುವುದೂ ರೈಲೇ. ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಮಾತ್ರ ಹಳಿ ಸುಮ್ಮನಿರುತ್ತದೆ. ಹಳಿಗೆ ಮುಖ ಮಾಡಿದ ಮನೆಯವರು ಹಾರ್ನಿಗೆ ಒಗ್ಗಿಕೊಳ್ಳಬಲ್ಲರು. ಪರದೆಯ ಮೇಲೆ, ದೇವರ ಪಟದ ಮೇಲೆ ಕೂರುವ ಕಂದುಬಣ್ಣದ ಧೂಳಿಗೆ ಒಗ್ಗುವುದು ಕಷ್ಟ. ನಸುಕಿನಲ್ಲಿ ಮುನಿಸಿಪಾಲಿಟಿಯ ನೀರು ಬರುತ್ತದೆ. ಅದು ಬರುವುದು ಗೊತ್ತಾದ ಹೊತ್ತಿಗೆ, ಕೆಲವೇ ಗಂಟೆ. ನೆಲದಡಿಯ ಟಾಕಿ ತುಂಬಿ, ಪಂಪು ಹಾಕಿ, ಟೆರೇಸಿನ ಟಾಕಿಗೆ ಏರಿಸಿದರೆ ಮಾತ್ರ ಮೂರನೇ ಮಹಡಿಯಲ್ಲಿ ಸ್ನಾನ. ವಾಚ್‌ಮನ್ ಊರಿಗೆ ಹೋಗಿದ್ದಾಗ ಪಂಪು ಹಾಕುವ ಸರದಿ ಮನೆಮನೆಗೆ ಬರುತ್ತದೆ, ಮರೆತವರನ್ನು ಕಟ್ಟಡ ಒಂದು ವಾರ ಮರೆಯುವುದಿಲ್ಲ. ನೀರಿನ ಖರ್ಚನ್ನು ಮನೆಯೊಳಗಿನ ನಲ್ಲಿಗಳ ಸಂಖ್ಯೆ, ಗಾತ್ರದ ಮೇಲೆ ಹಂಚಬೇಕೆಂಬುದು ಉಪನಿಯಮ. ಬಚ್ಚಲಿಗೆ ಒಂದು ನಲ್ಲಿ ಹೆಚ್ಚು ಹಾಕಿಸಿಕೊಂಡವರ ಲೆಕ್ಕ ಅದರಿಂದಲೇ ಸಭೆಗೆ ಬರುತ್ತದೆ.

ಏಳರಿಂದ ಹತ್ತರವರೆಗೆ ಮೆಟ್ಟಿಲು ಒಂದೇ ದಿಕ್ಕಿಗೆ ಹರಿಯುತ್ತದೆ. ಸ್ಟೇಷನ್ನಿಗೆ ಏಳು ನಿಮಿಷವೆಂದರೆ ಏಳೇ ನಿಮಿಷ, 8.52ರ ಫಾಸ್ಟ್ ಹಿಡಿಯುವವರು 8.43ಕ್ಕೆ ಬಾಗಿಲು ಎಳೆದುಕೊಳ್ಳುತ್ತಾರೆ. ಕೋವಿಡ್‌ಗೆ ಮುಂಚೆ ಈ ರೈಲುಗಳು ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣ ಹೊರುತ್ತಿದ್ದವು, ಆ ಒತ್ತಡದಲ್ಲಿ ಹತ್ತು ನಿಮಿಷ ಮುಂಚೆ ಹೊರಡುವುದಕ್ಕೂ ತಡವಾಗಿ ಹೊರಡುವುದಕ್ಕೂ ವ್ಯತ್ಯಾಸ ಅಪಾರ. ವಿರಾರ್ ಕಡೆಯಿಂದ, ಕಲ್ಯಾಣ ಕಡೆಯಿಂದ ಬರುವ ಗಾಡಿಗಳು ನಡುವಿನ ಸ್ಟೇಷನ್ನಿಗೆ ಬರುವಷ್ಟರಲ್ಲಿ ಬಾಗಿಲಿಗೆ ಜೋತುಬಿದ್ದ ಜನ. 1992ರಲ್ಲಿ ಚರ್ಚ್‌ಗೇಟ್–ಬೊರಿವ್ಲಿ ನಡುವೆ ಮಹಿಳೆಯರ ವಿಶೇಷ ಲೋಕಲ್ ಶುರುವಾಯಿತು. ಅದರ ವೇಳೆ ಎಷ್ಟೋ ಮನೆಗಳಲ್ಲಿ ಅಡುಗೆಯ ವೇಳೆಯನ್ನೇ ನಿರ್ಧರಿಸಿತು. ಹೊರಟವರ ಹಿಂದೆಯೇ ಡಬ್ಬಾವಾಲ ಬರುತ್ತಾನೆ, ಮಹಡಿಮಹಡಿ ಹತ್ತಿ ಊಟದ ಡಬ್ಬಿ ಎತ್ತಿ ಅದೇ ಸ್ಟೇಷನ್ನಿಗೆ ಒಯ್ಯುತ್ತಾನೆ. 1890ರ ಸುಮಾರಿನಿಂದ ನಡೆದುಬಂದ ಈ ವ್ಯವಸ್ಥೆ ನಿಂತಿರುವುದು ಮನೆ–ಸ್ಟೇಷನ್ ನಡುವಿನ ಈ ನಡಿಗೆಯ ದೂರದ ಮೇಲೆಯೇ.

ಸ್ಟೇಷನ್ ಹತ್ತಿರವಿರುವ ಲಾಭ ದಿನಕ್ಕೆ ಒಂದು ತಾಸಿನ ಉಳಿತಾಯಕ್ಕಿಂತ ದೊಡ್ಡದು. ಕೆಲಸ ಬದಲಾದರೂ ಮನೆ ಬದಲಿಸಬೇಕಾಗಿಲ್ಲ. ಮಗಳು ಕಾಲೇಜಿಗೆ, ಅಪ್ಪ ಕಾರ್ಖಾನೆಗೆ, ಅಮ್ಮ ಶಾಲೆಗೆ ಬೇರೆ ಬೇರೆ ದಿಕ್ಕಿಗೆ ಹೋಗಿ ಒಂದೇ ಊಟದ ಹೊತ್ತಿಗೆ ಮರಳಬಹುದು. ಕಾರಿಲ್ಲದೆ ಬಾಳುವೆ ಸಾಗುತ್ತದೆ, ಹಳೆಯ ಕಟ್ಟಡದಲ್ಲಿ ಕಾರಿಗೆ ಜಾಗವೂ ಇಲ್ಲ. ಇರುವ ಮೂರು ನಾಲ್ಕು ಜಾಗಕ್ಕಾಗಿ ಜಗಳಗಳಾಗುತ್ತವೆ. ತೆರೆದ ಅಥವಾ ಕಂಬದಡಿಯ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೂ ಹಳೆಯ ಮಾತುಗಳು ಮುಗಿದಿಲ್ಲ.

ಮುಂಬಯಿ ಕನ್ನಡಿಗರ ಸಾರ್ವಜನಿಕ ಬದುಕು ರೂಪುಗೊಂಡದ್ದೂ ಈ ನಡಿಗೆಯ ದೂರದೊಳಗೇ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಮಾಟುಂಗಾದಲ್ಲಿದೆ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಸಭಾಗೃಹ ಮಾಟುಂಗಾ ರೋಡ್ ಸ್ಟೇಷನ್ನಿನ ಮಗ್ಗುಲಲ್ಲಿ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ. ಮಾಟುಂಗಾ ಸ್ಟೇಷನ್ನಿನೆದುರು ಮಾರುಕಟ್ಟೆ ಕಟ್ಟಡದ ಮೇಲೆ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಯಕ್ಷಗಾನವೋ ನಾಟಕವೋ ಇದ್ದ ರಾತ್ರಿ ಮುಲುಂಡ್, ಡೊಂಬಿವ್ಲಿ, ಬೊರಿವ್ಲಿಗಳಿಂದ ಬಂದ ಪ್ರೇಕ್ಷಕರು ಕೊನೆಯ ಲೋಕಲಿನ ಮೇಲೆ ಒಂದು ಕಣ್ಣಿಟ್ಟೇ ಕೂರುತ್ತಾರೆ. ಸ್ಟೇಷನ್ನಿಂದ ದೂರ ಮನೆ ಮಾಡಿದ್ದರೆ ಈ ಸಂಘಗಳಿಗೆ ಇಷ್ಟು ದೀರ್ಘ ಆಯುಸ್ಸು ಬರುತ್ತಿತ್ತೆಂದು ನಂಬುವುದು ಕಷ್ಟ.

ಖರ್ಚಿನ ವಿಷಯದಲ್ಲಿ ಸಣ್ಣತನ ಎರಡು ಅಲಗಿನದು. ತಿಂಗಳ ಮೇಂಟೆನೆನ್ಸ್ ಕಡಿಮೆ. ವಾಚ್‌ಮನ್, ಕಸ ತೆಗೆಯುವವರು, ಮೆಟ್ಟಿಲ ದೀಪ, ಪಂಪಿನ ಕರೆಂಟು, ತೆರಿಗೆ, ಅಷ್ಟೇ. ಕಟ್ಟಡ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.25 ಮರುನಿರ್ಮಾಣದಂಥ ದೊಡ್ಡ ಕೆಲಸಕ್ಕೆ ಕೂಡಿಡುವ ಸಿಂಕಿಂಗ್ ಫಂಡಿಗೆ, 0.75 ರಿಪೇರಿ ನಿಧಿಗೆ ಎತ್ತಬೇಕು. ಐವತ್ತು ವರ್ಷದ ಹಿಂದಿನ ಕಟ್ಟಡ ವೆಚ್ಚದ ಮೇಲೆ ಲೆಕ್ಕ ಹಾಕಿ ಕೂಡಿಟ್ಟ ಈ ಹಣ ಇಂದಿನ ಸಿಮೆಂಟಿನ ದರದೆದುರು ಏನೂ ಅಲ್ಲ. ಮಳೆಗಾಲಕ್ಕೆ ಮುಂಚೆ ಟೆರೇಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು, ಉಪ್ಪುಗಾಳಿ ತಿಂದ ಕಂಬಿಗಳ ಮೇಲೆ ಪ್ಲಾಸ್ಟರ್ ಬಿರಿದಿದೆ ಎಂದಾಗ ಖರ್ಚನ್ನು ಹದಿನಾರರಿಂದಲೇ ಭಾಗಿಸಬೇಕು. ಒಬ್ಬ ಕೊಡದಿದ್ದರೆ ಆದಾಯದ ಹದಿನಾರನೇ ಒಂದು ಪಾಲು ಹೋಯಿತು. ಬಾಕಿಗೆ ಶೇಕಡಾ 21ರವರೆಗೆ ಸರಳಬಡ್ಡಿ ಹಾಕಬಹುದು, ಸಹಕಾರ ಸಂಘಗಳ ರಿಜಿಸ್ಟ್ರಾರರಿಂದ ವಸೂಲಿ ಪ್ರಮಾಣಪತ್ರ ತಂದು ಆಸ್ತಿಯ ಮೇಲೆ ಹೋಗಬಹುದು. ಆದರೆ ಬಾಕಿದಾರನ ಹೆಂಡತಿ ಸೆಕ್ರೆಟರಿಯ ತಾಯಿಗೆ ಆಸ್ಪತ್ರೆಯಲ್ಲಿ ಜೊತೆ ಕೂತವಳು. ಬೆಳಿಗ್ಗೆ ಇಬ್ಬರೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ, ಒಂದೇ ಡಬ್ಬಿ ನಿಲ್ಲುವ ಜಾಗದಲ್ಲಿ ನಿಲ್ಲಬೇಕು. ಹಾಗಾಗಿ ಸಣ್ಣ ಸೊಸೈಟಿಯಲ್ಲಿ ನೋಟಿಸಿಗಿಂತ ಮಾತು ಹೆಚ್ಚು ಕೆಲಸ ಮಾಡುತ್ತದೆ. ಮಾತೂ ಕೆಟ್ಟರೆ ಅದನ್ನು ಸರಿಪಡಿಸಲು ಇನ್ನೊಂದು ತಲೆಮಾರೇ ಬೇಕಾಗುತ್ತದೆ.

ಲಿಫ್ಟಿನ ಪ್ರಶ್ನೆ ಇದಕ್ಕೆ ಒಳ್ಳೆಯ ಉದಾಹರಣೆ. ಮೂವತ್ತರ ವಯಸ್ಸಿನಲ್ಲಿ ಮೂರನೇ ಮಹಡಿ ಹಿಡಿದವರಿಗೆ ಆಗ ಗಾಳಿ ಬೆಳಕಿನ ಖುಷಿ. ಎಪ್ಪತ್ತು ದಾಟಿದ ಮೇಲೆ ಸ್ಟೇಷನ್ ಅಷ್ಟೇ ಹತ್ತಿರವಿದ್ದರೂ ಐವತ್ತಕ್ಕೂ ಹೆಚ್ಚು ಮೆಟ್ಟಿಲು ಮತ್ತು ರೈಲ್ವೆ ಮೇಲ್ಸೇತುವೆ ಎರಡೂ ಸೇರಿ ಅದನ್ನು ದೂರ ಮಾಡುತ್ತವೆ. ವಾರಗಟ್ಟಲೆ ಕೆಳಗಿಳಿಯದ ಹಿರಿಯರು ಇಂಥ ಪ್ರತಿ ಕಟ್ಟಡದಲ್ಲೂ ಇದ್ದಾರೆ. ಕಿಟಕಿಯಿಂದ ಇಳಿಬಿಟ್ಟ ಚೀಲಕ್ಕೆ ತರಕಾರಿಯವನು ಸೊಪ್ಪು ಹಾಕುತ್ತಾನೆ. ಮೆಟ್ಟಿಲಿನ ಹೊರಗೋಡೆಗೆ ಲಿಫ್ಟ್ ಕೂಡಿಸೋಣವೆಂದರೆ ನೆಲಮಹಡಿಯವರು ತಮಗೇಕೆ ಖರ್ಚು ಎನ್ನುತ್ತಾರೆ. ಲಿಫ್ಟಿನ ನಿರ್ವಹಣೆಯನ್ನು ಬಳಸಲಿ ಬಿಡಲಿ ಆ ಕಟ್ಟಡದ ಎಲ್ಲ ಸದಸ್ಯರೂ ಸಮವಾಗಿ ಹೊರಬೇಕು ಎಂಬುದೇ ಮಾದರಿ ಉಪನಿಯಮದ ನಿಲುವು, ಮತ್ತು ಅದು ನ್ಯಾಯವಾದ ನಿಲುವು. ಮೂರನೇ ಮಹಡಿಯ ಸೀಲಿಂಗ್ ಸೋರದಂತೆ ಕಾಯುವ ಟೆರೇಸಿನ ಖರ್ಚನ್ನು ಕೆಳಗಿನವರೂ ಕೊಡುತ್ತಾರೆ.

ಯಾರನ್ನು ನೆರೆಯವರಾಗಿ ಒಪ್ಪಿಕೊಳ್ಳುವುದು ಎಂಬಲ್ಲಿ ಸಹಕಾರದ ಮಾತು ಪರೀಕ್ಷೆಗೆ ಬೀಳುತ್ತದೆ. ಮೊದಲ ಸೊಸೈಟಿಗಳು ಹುಟ್ಟಿದ್ದೇ ಒಂದೊಂದು ಸಮುದಾಯದ ಒಳಗೆ. ಪರಊರಿನಲ್ಲಿ ಪರಸ್ಪರ ಜಾಮೀನು ನಿಲ್ಲಲು ಗುರುತಿನವರೇ ಬೇಕಾಗಿದ್ದರು. ಒಂದು ಸಮುದಾಯಕ್ಕೆ ಸದಸ್ಯತ್ವವನ್ನು ಮಿತಿಗೊಳಿಸುವ ಉಪನಿಯಮವನ್ನು ಗುಜರಾತಿನ ಪಾರ್ಸಿ ವಸತಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಆದರೆ ಅಂಥ ನಿಯಮವಿಲ್ಲದ ಸೊಸೈಟಿ ಸಕಾರಣವಿಲ್ಲದೆ ಯಾರನ್ನೂ ನಿರಾಕರಿಸುವಂತಿಲ್ಲ. ಮಹಾರಾಷ್ಟ್ರದ ಕಾಯ್ದೆಯಂತೆ ಅರ್ಜಿಗೆ ಮೂರು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಸದಸ್ಯತ್ವ ಸಿಕ್ಕಿತೆಂದೇ ಲೆಕ್ಕ, ನಿರಾಕರಣೆಯ ಮೇಲೆ ರಿಜಿಸ್ಟ್ರಾರರಿಗೆ ಮೇಲ್ಮನವಿ ಇದೆ. ಬಾಡಿಗೆಗೆ ಕೊಟ್ಟವರಿಂದ ಸೊಸೈಟಿ ವಸೂಲು ಮಾಡುವ ಹೆಚ್ಚುವರಿ ಶುಲ್ಕವೂ ಸೇವಾಶುಲ್ಕದ ಶೇಕಡಾ 10ನ್ನು ಮೀರಬಾರದೆಂದು 2001ರಿಂದ ಸರ್ಕಾರದ ಆದೇಶವಿದೆ. ಇಷ್ಟಿದ್ದೂ ಧರ್ಮ ಕೇಳಿ, ಮೀನು–ಮಾಂಸ ಕೇಳಿ, ಮದುವೆಯಾಗಿದೆಯೇ ಎಂದು ಕೇಳಿ ಬಾಡಿಗೆದಾರರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಸೊಸೈಟಿಗಳು ನಗರದಲ್ಲಿ ಕಡಿಮೆಯಿಲ್ಲ. ಇದು ನಾಚಿಕೆಯ ಸಂಗತಿ. ಬೆಳಿಗ್ಗೆ ಲೋಕಲಿನ ಡಬ್ಬಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವನನ್ನು, ಸೀಟು ಹಂಚಿಕೊಂಡವನನ್ನು, ಸಂಜೆ ಗೇಟಿನಲ್ಲಿ ತಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆಪತ್ತಿನಲ್ಲಿ ಇದೇ ಗೇಟುಗಳು ತೆರೆದದ್ದನ್ನೂ ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು, ಲೋಕಲ್‌ಗಳು ಹಳಿಯ ಮೇಲೆಯೇ ನಿಂತವು. ಸೊಂಟದವರೆಗಿನ ನೀರಿನಲ್ಲಿ ನಡೆದು ಬಂದವರಿಗೆ ಸ್ಟೇಷನ್ ಸಮೀಪದ ಕಟ್ಟಡಗಳ ಜನ ಮೆಟ್ಟಿಲ ಮೇಲೆ ಜಾಗ ಕೊಟ್ಟರು, ಚಹಾ ಬಿಸ್ಕತ್ತು ಹಂಚಿದರು, ಗುರುತಿಲ್ಲದವರನ್ನು ರಾತ್ರಿ ಒಳಗೆ ಮಲಗಿಸಿಕೊಂಡರು. ಮರುವರ್ಷ ಜುಲೈ 11ರ ಸಂಜೆ ಪಶ್ಚಿಮ ಮಾರ್ಗದ ಲೋಕಲ್‌ಗಳಲ್ಲಿ ಏಳು ಬಾಂಬುಗಳು ಸಿಡಿದಾಗ ಹಳಿಯ ಬದಿಯಲ್ಲಿ ವಾಸಿಸುವವರು ಮನೆಯ ಚಾದರಗಳನ್ನೇ ತಂದು ಗಾಯಾಳುಗಳನ್ನು ಹೊತ್ತು ಸಾಗಿಸಿದರು.

ಸ್ಟೇಷನ್ನಿನ ಸಾಮೀಪ್ಯವೇ ಈ ಕಟ್ಟಡಗಳನ್ನು ಎಬ್ಬಿಸಿತು. ಈಗ ಅವುಗಳನ್ನು ಕೆಡವುತ್ತಿರುವುದೂ ಅದೇ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮುಂಬಯಿಯಲ್ಲಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆಡಿಟಿನ ವರದಿ ಬಂದ ದಿನದಿಂದ ರಿಪೇರಿಯೋ ರೀಡೆವಲಪ್‌ಮೆಂಟೋ ಎಂಬ ಚರ್ಚೆ ಮೆಟ್ಟಿಲುಮೆಟ್ಟಿಲಲ್ಲಿ ನಡೆಯುತ್ತದೆ. 2018ರಲ್ಲಿ ಜಾರಿಗೆ ಬಂದ ಅಭಿವೃದ್ಧಿ ನಿಯಮಾವಳಿ, ಹಳೆಯ ಸೊಸೈಟಿಗಳು ಮರುನಿರ್ಮಾಣಕ್ಕೆ ಹೋದರೆ ಮನೆಯೊಂದಕ್ಕೆ 10 ಚದರ ಮೀಟರ್ ಅಥವಾ ಇರುವ ನಿರ್ಮಾಣದ ಶೇಕಡಾ 15, ಯಾವುದು ಹೆಚ್ಚೋ ಅಷ್ಟು ಹೆಚ್ಚುವರಿ ನಿರ್ಮಾಣಕ್ಕೆ ಅವಕಾಶ ಕೊಡುತ್ತದೆ. ಬಿಲ್ಡರ್ ಹಳೆಯ ಸದಸ್ಯರಿಗೆ ದೊಡ್ಡ ಮನೆ ಕೊಟ್ಟು, ಮೇಲೆ ಎಬ್ಬಿಸಿದ್ದನ್ನು ಮಾರಿ ಲಾಭ ತೆಗೆಯುತ್ತಾನೆ. ಸ್ಟೇಷನ್ ಪಕ್ಕದ ಜಾಗಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರುವುದರಿಂದಲೇ ಈ ಲೆಕ್ಕ ಕೂಡುತ್ತದೆ. ಸ್ಟೇಷನ್ನಿಂದ ದೂರದ ಅದೇ ವಯಸ್ಸಿನ ಕಟ್ಟಡಗಳು ಬಿಲ್ಡರಿಗಾಗಿ ಕಾದು ಕುಸಿಯುತ್ತಿವೆ.

ವಿಧಾನವನ್ನು ಸಹಕಾರ ಕಾಯ್ದೆಯ 79ಎ ಕಲಮಿನ ಅಡಿಯಲ್ಲಿ 2009ರಲ್ಲಿ ಕೊಟ್ಟು 2019ರಲ್ಲಿ ತಿದ್ದಿದ ನಿರ್ದೇಶನಗಳು ಗೊತ್ತು ಮಾಡಿವೆ. ವಿಶೇಷ ಮಹಾಸಭೆ, ವಾಸ್ತುಶಿಲ್ಪಿಯ ಅಥವಾ ಸಲಹೆಗಾರನ ನೇಮಕ, ಟೆಂಡರ್, ಒಟ್ಟು ಸದಸ್ಯರಲ್ಲಿ ಶೇಕಡಾ 51 ಜನರ ಒಪ್ಪಿಗೆ, ರಿಜಿಸ್ಟ್ರಾರರ ಪ್ರತಿನಿಧಿಯ ಸಮ್ಮುಖದಲ್ಲಿ ಬಿಲ್ಡರನ ಆಯ್ಕೆ, ಯೋಜನಾ ವೆಚ್ಚದ ಶೇಕಡಾ 20ರಷ್ಟು ಬ್ಯಾಂಕ್ ಗ್ಯಾರಂಟಿ. ಬಹುಮತ ಕಾನೂನಿನಂತೆ ನಿರ್ಧರಿಸಿದ ಮೇಲೆ ಒಬ್ಬಿಬ್ಬರು ತಡೆಹಿಡಿಯುವಂತಿಲ್ಲ ಎಂದು ಬಾಂಬೆ ಹೈಕೋರ್ಟು ಮತ್ತೆ ಮತ್ತೆ ಹೇಳಿದೆ. ಆದರೆ ತಳದ ಅಡಚಣೆ ಬೇರೆಯೇ: ಎಷ್ಟೋ ಸೊಸೈಟಿಗಳಿಗೆ ಜಮೀನಿನ ಕನ್ವೇಯನ್ಸ್ ಆಗಿಯೇ ಇಲ್ಲ, ಮೊದಲ ಬಿಲ್ಡರನ ಹೆಸರಿನಲ್ಲಿಯೇ ಭೂಮಿ ಉಳಿದಿದೆ. ಅಂಥವರಿಗಾಗಿ 2008ರಲ್ಲಿ ಬಂದ, ಬಿಲ್ಡರ್ ಒಪ್ಪದಿದ್ದರೂ ಅಧಿಕಾರಿಯ ಆದೇಶದಿಂದ ಭೂಮಿಯನ್ನು ಹೆಸರಿಗೆ ಮಾಡಿಸಿಕೊಳ್ಳುವ ಡೀಮ್ಡ್ ಕನ್ವೇಯನ್ಸಿನ ಅವಕಾಶವನ್ನು ಬಳಸಿಕೊಳ್ಳದೆ ಕುಳಿತ ಸೊಸೈಟಿ, ಬಿಲ್ಡರಿನೆದುರು ಬರಿಗೈಯಲ್ಲಿ ಚೌಕಾಸಿಗೆ ಕುಳಿತಂತೆ. ಸಣ್ಣ ಸೊಸೈಟಿಯ ಸೆಕ್ರೆಟರಿ ತನ್ನ ಅವಧಿಯಲ್ಲಿ ಒಂದೇ ಕೆಲಸ ಮಾಡಲು ಸಾಧ್ಯವೆಂದರೆ ಅದು ಇದಾಗಬೇಕು.

ಒಪ್ಪಂದವಾದ ಮೇಲೆ ಹದಿನಾರು ಮನೆಯವರೂ ಬಿಲ್ಡರ್ ಕೊಡುವ ಟ್ರಾನ್ಸಿಟ್ ಬಾಡಿಗೆಯ ಮೇಲೆ ಸುತ್ತಮುತ್ತ ಹಂಚಿಹೋಗುತ್ತಾರೆ. ಮಕ್ಕಳ ಶಾಲೆ, ಹಿಡಿಯುವ ಗಾಡಿ ಬದಲಾಗದಿರಲೆಂದು ಅದೇ ಸ್ಟೇಷನ್ನಿನ ಸುತ್ತ ಮನೆ ಹುಡುಕುವವರೇ ಹೆಚ್ಚು. ಕೆಲಸ ನಡುವೆ ನಿಂತರೆ ಬಾಡಿಗೆಯೂ ನಿಲ್ಲುತ್ತದೆ. ವರ್ಷಗಟ್ಟಲೆ ಪಾಯದ ಗುಂಡಿ ನೋಡುತ್ತ ಬಾಡಿಗೆ ಮನೆಯಲ್ಲಿ ತೀರಿಕೊಂಡ ಸದಸ್ಯರಿದ್ದಾರೆ. ಅವರ ನಾಮಿನಿಗಳ ಹೆಸರು ಸೊಸೈಟಿಯ ದಾಖಲೆಯಲ್ಲಿ ಇತ್ತೇ ಎಂಬುದು ಆಗ ಮುಖ್ಯವಾಗುತ್ತದೆ.

ಕಟ್ಟಡ ಹೋದರೂ ಸೊಸೈಟಿ ಹೋಗುವುದಿಲ್ಲ. ಅದೇ ನೋಂದಣಿ ಸಂಖ್ಯೆ ಹೊಸ ಗೇಟಿಗೆ ಬರುತ್ತದೆ, ಹೊಸ ಫ್ಲ್ಯಾಟು ಕೊಂಡವರು ಅದೇ ಸೊಸೈಟಿಗೆ ಸದಸ್ಯರಾಗುತ್ತಾರೆ. ಅರವತ್ತು ಮನೆಯ ಟವರಿನಲ್ಲಿ ಹಳೆಯ ಹದಿನಾರು ಜನ ಅಲ್ಪಸಂಖ್ಯಾತರು. ಎರಡು ಲಿಫ್ಟು, ಯಾಂತ್ರಿಕ ಪಾರ್ಕಿಂಗ್, ಅಗ್ನಿಶಾಮಕ ವ್ಯವಸ್ಥೆ, ಜನರೇಟರ್ ಎಲ್ಲದರ ಖರ್ಚು ಸೇರಿ ಮೇಂಟೆನೆನ್ಸ್ ಹಲವು ಪಟ್ಟು ಏರುತ್ತದೆ. ಒಬ್ಬೊಬ್ಬರ ತಿಂಗಳ ಮೊತ್ತ 7,500 ರೂಪಾಯಿಯನ್ನೂ ಸೊಸೈಟಿಯ ವರ್ಷದ ಒಟ್ಟು ವಸೂಲಿ 20 ಲಕ್ಷವನ್ನೂ ಮೀರಿದರೆ ಶೇಕಡಾ 18 ಜಿಎಸ್‌ಟಿಯೂ ಸೇರುತ್ತದೆ. ಹಳೆಯ ಸಣ್ಣ ಕಟ್ಟಡಕ್ಕೆ ಆ ಬಾಧೆ ಇರಲಿಲ್ಲ. ಪಿಂಚಣಿಯ ಮೇಲೆ ಬದುಕುವವರು ಇದನ್ನು ಹೊರಲಾರದೆ ಹೊಸ ಮನೆಯನ್ನು ಮಾರಿ ಬದ್ಲಾಪುರಕ್ಕೋ ವಿರಾರಿಗೋ ಹೊರಟುಬಿಡುವುದುಂಟು. ಬಿಲ್ಡರ್ ಸದಸ್ಯರಿಗೆ ಕೊಡುವ ಕಾರ್ಪಸ್ ಹಣವನ್ನು ಹಂಚಿ ಖರ್ಚು ಮಾಡದೆ, ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಹಳೆಯ ಸದಸ್ಯರ ಮೇಂಟೆನೆನ್ಸ್ ತುಂಬುವ ಏರ್ಪಾಡು ಮಾಡಿಕೊಂಡ ಸೊಸೈಟಿಗಳಲ್ಲಿ ಹಿರಿಯರು ಉಳಿದುಕೊಂಡಿದ್ದಾರೆ. ಈ ಕರಾರನ್ನು ಬರೆಸಿಕೊಳ್ಳಬೇಕಾದ್ದು ಬಿಲ್ಡರಿಗೆ ಕೀಲಿಕೈ ಒಪ್ಪಿಸುವುದಕ್ಕೆ ಮೊದಲು, ಹದಿನಾರೂ ಜನ ಇನ್ನೂ ಒಂದೇ ಟೆರೇಸಿನಲ್ಲಿ ಕೂರಲು ಸಾಧ್ಯವಿರುವಾಗ.